ಗಾಡಿಯ ಪೂರ್ವಾಶ್ರಮ

ಎತ್ತು ಕೊಳ್ಳುವುದರಲ್ಲಿ ನಮ್ಮ ಹಿರಿಯರು ತೋರುತ್ತಿದ್ದ ಜಾಣತನದ ಕಾಲುಭಾಗವನ್ನಾದರೂ ಹಳೆಯ ಮೋಟಾರು ಗಾಡಿ ಕೊಳ್ಳುವುದರಲ್ಲಿ ನಾವು ತೋರುತ್ತೇವೆಯೆ ಎಂಬ ಸಂದೇಹ ನನಗೆ ಬಹಳ ದಿನಗಳಿಂದ ಇದೆ. ಚುಂಚನಕಟ್ಟೆಯ ದನದ ಜಾತ್ರೆಯನ್ನು ಕಂಡವರು ಬಲ್ಲರು. ಕೊಳ್ಳುವವನು ಮೊದಲು ಎತ್ತಿನ ಬಾಯಿ ತೆರೆಸಿ, ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯ್ಗೂಡಿದ್ದೋ ಎಂದು ತಿಳಿದುಕೊಳ್ಳುತ್ತಾನೆ. ಆಮೇಲೆ ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ಹತ್ತು ಹೆಜ್ಜೆ ನಡೆಸಿ ನೋಡುತ್ತಾನೆ. ಮಾರುವವನ ಊರು ಯಾವುದು, ಅಲ್ಲಿಯ ನೆಲ ಎರೆಯೋ ಕೆಂಪೋ, ಎತ್ತು ಇದುವರೆಗೆ ದುಡಿದದ್ದು ನೇಗಿಲಿನಲ್ಲೋ ಗಾಡಿಯಲ್ಲೋ ಎಂದು ವಿಚಾರಿಸುತ್ತಾನೆ. ಇಷ್ಟಾದ ಮೇಲೆಯೇ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು. ಅದೇ ಮನುಷ್ಯನ ಮೊಮ್ಮಗ ಇಂದು ಮೂರು ಲಕ್ಷ ರೂಪಾಯಿಯ ಹಳೆಯ ವ್ಯಾನೊಂದನ್ನು ಅದರ ಬಣ್ಣ ನೋಡಿ, ಸೀಟಿನ ಹೊಸ ಹೊದಿಕೆ ನೋಡಿ, ಹಾಡಿನ ಪೆಟ್ಟಿಗೆಯನ್ನು ಒಂದು ಸಲ ತಿರುಗಿಸಿ ನೋಡಿ ಕೊಂಡುಬರುತ್ತಾನೆ.

ಬರಿಯ ಓಡಾಟಕ್ಕೆ ಕೊಂಡ ಗಾಡಿಯಾದರೆ ಹೇಗೋ ನಡೆದೀತು. ಆದರೆ ಹಳೆಯ ವ್ಯಾನನ್ನು ಕೊಂಡು, ಅದರೊಳಗೆ ಹಾಸಿಗೆ ಹಾಕಿ, ಒಲೆ ಇಟ್ಟು, ನೀರು ತುಂಬಿ, ಅದನ್ನೇ ಮನೆ ಮಾಡಿಕೊಂಡು ಊರೂರು ತಿರುಗಬೇಕೆಂಬ ಹಂಬಲ ಈಚೆಗೆ ನಮ್ಮ ಮಧ್ಯಮ ವರ್ಗದವರಲ್ಲಿಯೂ ಹುಟ್ಟಿಕೊಂಡಿದೆ. ಈ ಹಂಬಲವನ್ನು ಕೇವಲ ಚಪಲವೆಂದು ನಾನು ಎಣಿಸುವುದಿಲ್ಲ. ಏಕೆಂದರೆ ನಮ್ಮ ಬೀದಿಯಲ್ಲಿಯೇ ಅಂಥ ಹಂಬಲ ಹೊತ್ತ ದಂಪತಿಗಳಿದ್ದಾರೆ; ಅವರೊಡನೆ ಮೂರು ತಿಂಗಳ ಕಾಲ ಮೈಸೂರಿನಿಂದ ಬೆಂಗಳೂರಿನವರೆಗೆ ಹಳೆಯ ಗಾಡಿಗಳನ್ನು ನೋಡುತ್ತ ಅಲೆದಿದ್ದೇನೆ.

ಅವರು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು ನಿವೃತ್ತರಾದವರು. ಬೀದಿಯವರಿಗೆಲ್ಲ ಈಗಲೂ 'ಮೇಷ್ಟ್ರು'. ಅವರ ಪತ್ನಿ ತಿರುಮಕೂಡಲಿನ ಬಳಿಯ ಹಳ್ಳಿಯಲ್ಲಿ ಹುಟ್ಟಿದವರು. ಕಪಿಲೆ ಬಂದು ಕಾವೇರಿಯನ್ನು ಸೇರುವ ಸ್ಥಳದಲ್ಲಿ ಈಜು ಕಲಿತವರು. ಆ ನದಿಯನ್ನು ಅವರು ಕಂಡಿರುವುದು ಶ್ರೀರಂಗಪಟ್ಟಣದಿಂದ ತಿರುಮಕೂಡಲಿನವರೆಗೆ ಮಾತ್ರ. ತಲಕಾವೇರಿಯಿಂದ ಪೂಂಪುಹಾರಿನಲ್ಲಿ ಕಡಲು ಸೇರುವವರೆಗೆ, ಸುಮಾರು 800 ಕಿಲೋಮೀಟರುಗಳ ಆ ದಾರಿಯನ್ನು ನದಿಯ ಜೊತೆಗೇ ಹೋಗಿ ನೋಡಬೇಕೆಂಬುದು ಆ ತಾಯಿಯ ಆಸೆ. ಹೊರಡದಂತೆ ಮೂವತ್ತು ವರ್ಷ ತಡೆದದ್ದು ಸಂಸಾರ. ಈಗ ತಡೆಯುತ್ತಿರುವುದು ಮಧುಮೇಹ ಮತ್ತು ಮಂಡಿನೋವು. ಒಂದೂವರೆ ಗಂಟೆಗೊಮ್ಮೆ ಬಚ್ಚಲಿಗೆ ಹೋಗಲೇಬೇಕು, ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳುವಂತಿಲ್ಲ. ಬಸ್ಸು ನಿಲ್ಲುವಲ್ಲಿಯ ಶೌಚಾಲಯಗಳ ಸ್ಥಿತಿಯನ್ನು ನಾನು ಇಲ್ಲಿ ವರ್ಣಿಸಬೇಕಾಗಿಲ್ಲ. ನಮ್ಮ ದೇಶದಲ್ಲಿ ಎಷ್ಟು ಮಂದಿ ಹೆಂಗಸರು ಇದೊಂದೇ ಕಾರಣಕ್ಕೆ ಬೆಳಗಿನಿಂದ ಗುಟುಕು ನೀರು ಕುಡಿಯದೆ ಪ್ರಯಾಣ ಮಾಡುತ್ತಾರೆ, ಎಷ್ಟು ಮಂದಿ ಪ್ರಯಾಣವನ್ನೇ ಬಿಟ್ಟುಬಿಟ್ಟಿದ್ದಾರೆ ಎಂಬುದನ್ನು ಗಂಡಸರಾದ ನಾವು ಕೇಳಿದ್ದೇವೆಯೆ?

ನಿವೃತ್ತಿಯ ಹಣದಲ್ಲಿ ಮೇಷ್ಟ್ರು ನಾಲ್ಕೂವರೆ ಲಕ್ಷ ರೂಪಾಯಿ ಬೇರೆಯಾಗಿ ತೆಗೆದಿಟ್ಟಿದ್ದರು. ಮೂರು ಗಾಡಿಗೆ, ಒಂದೂವರೆ ಒಳಗಿನ ಕೆಲಸಕ್ಕೆ. ಪುಣೆಯಲ್ಲಿರುವ ಮಗ, ಅದನ್ನು ಬ್ಯಾಂಕಿನಲ್ಲಿ ಇಡಿ, ವರ್ಷಕ್ಕೊಮ್ಮೆ ಒಳ್ಳೆಯ ಹೋಟೆಲಿನಲ್ಲಿ ನಾಲ್ಕು ದಿನ ಇದ್ದು ಬನ್ನಿ ಎಂದು ಬರೆದಿದ್ದ. ಅವನ ಮಾತಿನಲ್ಲಿಯೂ ನ್ಯಾಯವಿಲ್ಲದೆ ಇಲ್ಲ. ಕೊಂಡ ಗಾಡಿ ಕೊಳೆತದ್ದಾದರೆ ಹೋಗುವುದು ಹಣವೊಂದೇ ಅಲ್ಲ. ಎರಡನೆಯ ಸಲ ಈ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಈ ಅಂಜಿಕೆಯೇ ನಮ್ಮ ಹುಡುಕಾಟಕ್ಕೆ ಬಿಗಿಯನ್ನು ಕೊಟ್ಟಿತು.

ಗಾಲಿಯ ಮೇಲಿನ ಮನೆ ಹೊಸದೇನೂ ಅಲ್ಲ. ಕಮಾನು ಗಾಡಿಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನ ಹಾಸಿ, ಬುತ್ತಿ ಕಟ್ಟಿಕೊಂಡು ಜಾತ್ರೆಗೆ ಹೊರಟ ನಮ್ಮ ಅಜ್ಜಿಯರು ಮಾಡಿದ್ದೂ ಇದನ್ನೇ. ಇಂಗ್ಲೆಂಡಿನಲ್ಲಿ ನೌಕಾಪಡೆಯ ವೈದ್ಯನಾಗಿದ್ದು ಮಕ್ಕಳ ಕಥೆಗಾರನಾದ ಗಾರ್ಡನ್ ಸ್ಟೇಬಲ್ಸ್ ಎಂಬಾತ 1885ರಲ್ಲಿ ಬ್ರಿಸ್ಟಲಿನ ಕಾರ್ಖಾನೆಯೊಂದರಲ್ಲಿ ಎರಡು ಕುದುರೆಗಳು ಎಳೆಯುವ ಮನೆಯೊಂದನ್ನು ಕಟ್ಟಿಸಿಕೊಂಡು ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದ. ವಿನೋದಕ್ಕಾಗಿಯೇ ಕಟ್ಟಿದ ಮೊದಲ ಗಾಲಿಮನೆ ಅದೇ ಎಂದು ಆ ದೇಶದವರು ಹೇಳಿಕೊಳ್ಳುತ್ತಾರೆ. ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಜರ್ಮನರ ಯುಕ್ತಿ. ಫೋಕ್ಸ್‌ವ್ಯಾಗನ್ ಕಂಪನಿ 1950ರಲ್ಲಿ ಸರಕಿನ ವ್ಯಾನನ್ನು ತಯಾರಿಸತೊಡಗಿದ ಮರುವರ್ಷವೇ ವೆಸ್ಟ್‌ಫಾಲಿಯ ಎಂಬ ಇನ್ನೊಂದು ಕಂಪನಿ ಅದರೊಳಗೆ ಇಡತಕ್ಕ ಸಾಮಾನಿನ ಪೆಟ್ಟಿಗೆಯೊಂದನ್ನು ಮಾಡಿತು. ವಾರವೆಲ್ಲ ಸರಕು ಹೊರುವ ವ್ಯಾನು ರಜೆ ಬಂದೊಡನೆ ಮಂಚ, ಬೀರು ಎಲ್ಲ ಉಳ್ಳ ಕೋಣೆಯಾಗುತ್ತಿತ್ತು. ರಜೆ ಮುಗಿದರೆ ಪೆಟ್ಟಿಗೆಯನ್ನು ಎತ್ತಿ ಹೊರಗಿಡುವುದು. ಎತ್ತಿ ಹೊರಗಿಡಬಹುದಾದ ಈ ಗೃಹಕೃತ್ಯವನ್ನು ನೆನಪಿನಲ್ಲಿಡಿ. ಮುಂದೆ ಕಾನೂನಿನ ಮಾತು ಬರುವಾಗ ಅದರ ಬೆಲೆ ತಿಳಿಯುತ್ತದೆ.

ಯಾವ ಜಾತಿಯ ಗಾಡಿ? ಮೊದಲು ಎಲ್ಲರ ಬಾಯಿಗೂ ಬರುವುದು ಮಾರುತಿ ಓಮ್ನಿ. 1984ರಲ್ಲಿ ಬಂದು 2019ರಲ್ಲಿ ತಯಾರಿಕೆ ನಿಂತ ಈ ಪುಟ್ಟ ವ್ಯಾನು ನಮ್ಮ ದೇಶದಲ್ಲಿ ಹೊರದ ಹೊರೆ ಇಲ್ಲ. ಬೆಲೆ ಕಡಿಮೆ, ಬಿಡಿಭಾಗ ಎಲ್ಲ ಊರಿನಲ್ಲಿಯೂ ಸಿಕ್ಕುತ್ತದೆ, ಬಾಗಿಲು ಪಕ್ಕಕ್ಕೆ ಜಾರುವುದರಿಂದ ಇಕ್ಕಟ್ಟಿನಲ್ಲಿಯೂ ಇಳಿಯಬಹುದು. ಆದರೆ ಹೊರಗಿನ ಅಳತೆಯೇ ಸುಮಾರು 11 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ, ಐದೂವರೆ ಅಡಿಗೂ ಕಡಿಮೆ ಎತ್ತರ. ಎಂಜಿನ್ನು ಇರುವುದು ಮುಂದಿನ ಸೀಟುಗಳ ಕೆಳಗೆ. ವೈಶಾಖದಲ್ಲಿ ಅದರ ಮೇಲೆ ಕುಳಿತು ಮೆಟ್ಟೂರಿನ ಕಡೆಗೆ ಹೋಗುವುದು ಒಂದು ಬಗೆಯ ತಪಸ್ಸು. ಇಪ್ಪತ್ತೈದರ ಇಬ್ಬರು ಗೆಳೆಯರು ತಿರುಗುವುದಕ್ಕೆ ಓಮ್ನಿ ಸಾಕು. ಅರವತ್ತು ದಾಟಿದವರಿಗೆ ಅಲ್ಲ. ಅದರ ತಮ್ಮನಾದ ಈಕೊ ಸ್ವಲ್ಪ ದೊಡ್ಡದು. ಆದರೆ ಒಳಗೆ ನಿಲ್ಲುವ ಮಾತು ಅದರಲ್ಲಿಯೂ ಇಲ್ಲ.

ಜನರು ಟಿ.ಟಿ. ಎಂದು ಕರೆಯುವ ಟೆಂಪೊ ಟ್ರಾವೆಲರಿನಲ್ಲಿ ನೆಟ್ಟಗೆ ನಿಲ್ಲಬಹುದು, ಓಡಾಡಬಹುದು. ನಾವು ಮೊದಲು ನೋಡಿದ ಟಿ.ಟಿ.ಯ ಬಳಿ ಮೇಷ್ಟ್ರು ಅಳತೆಯ ಟೇಪು ಹಿಡಿದು ಒಳಗೆ ಸೇರಿಬಿಟ್ಟರು. ಆ ತಾಯಿ ಬಾಗಿಲ ಬಳಿಯೇ ನಿಂತರು. ಮೆಟ್ಟಿಲು ಅವರ ಮಂಡಿಗೆ ಬಹಳ ಎತ್ತರವಾಗಿದ್ದಿತು. "ನೀವು ಒಳಗಿನ ಉದ್ದ ಅಳೆಯುತ್ತಿದ್ದೀರಿ. ನಾನು ಒಳಗೆ ಬಂದರಲ್ಲವೇ ಅದರ ಉಪಯೋಗ?" ಎಂದರು. ಅಂದಿನಿಂದ ನಮ್ಮ ಪಟ್ಟಿಯಲ್ಲಿ ಮೊದಲನೆಯ ಪ್ರಶ್ನೆ ಮೆಟ್ಟಿಲಿನ ಎತ್ತರವಾಯಿತು. ಗಾಡಿಯನ್ನು ಅಳೆಯುವುದಕ್ಕೆ ಮುಂಚೆ ಅದರಲ್ಲಿ ಇರತಕ್ಕವರನ್ನು ಅಳೆಯಬೇಕು. ಹತ್ತಿ ನೋಡಿ, ನಿಂತು ನೋಡಿ, ನಾಚಿಕೆಪಡದೆ ಚಾಪೆ ಹಾಸಿ ಮಲಗಿ ನೋಡಿ. ಮಾರುವವನು ನಕ್ಕರೆ ನಗಲಿ.

ಇನ್ನು ಈ ಲೇಖನದ ಹೆಸರಿನ ವಿಷಯ. ಸಂನ್ಯಾಸಿಗಳ ಪೂರ್ವಾಶ್ರಮವನ್ನು ಕೇಳಕೂಡದೆಂಬುದು ನಮ್ಮ ಸಂಪ್ರದಾಯ. ಗಾಡಿಯ ವಿಷಯದಲ್ಲಿ ಅದನ್ನಲ್ಲದೆ ಬೇರೇನನ್ನೂ ಮೊದಲು ಕೇಳಕೂಡದು. ಗಾಡಿ ಎಷ್ಟು ಕಿಲೋಮೀಟರು ಓಡಿದೆ ಎಂಬುದನ್ನು ಮುಂದಿನ ಗಡಿಯಾರ ಹೇಳುತ್ತದೆ. ಆ ಗಡಿಯಾರವನ್ನು ಹಿಂದಕ್ಕೆ ತಿರುಗಿಸುವ ಕೈಗಳು ಎಲ್ಲ ಊರಿನಲ್ಲಿಯೂ ಇವೆ. 40,000 ಎಂದು ತೋರಿಸುವ ಗಾಡಿಯಲ್ಲಿ ಬ್ರೇಕಿನ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ, ಚಾಲಕನ ಸೀಟು ಒಂದು ಕಡೆಗೆ ಕುಸಿದಿದ್ದರೆ, ಯಾರ ಮಾತನ್ನು ನಂಬಬೇಕೆಂಬುದು ಸ್ಪಷ್ಟ. ಆದರೆ ಎಷ್ಟು ಓಡಿತು ಎಂಬುದಕ್ಕಿಂತ ಏನನ್ನು ಹೊತ್ತು ಓಡಿತು ಎಂಬುದೇ ಮುಖ್ಯ.

ಮಂಗಳೂರಿನ ನೋಂದಣಿಯ ವ್ಯಾನೊಂದು ನಮಗೆ ಬಹಳ ಅಗ್ಗದ ಬೆಲೆಗೆ ಸಿಕ್ಕುವುದರಲ್ಲಿದ್ದಿತು. ಹೊಳೆಯುವ ಬಿಳಿಯ ಬಣ್ಣ. ಒಳಗೆ ಕಾಲಿಟ್ಟರೆ ಮಲ್ಲಿಗೆಯ ಅತ್ತರಿನ ಘಮಘಮ. ಮಂಡಿ ಮೊಹಲ್ಲಾದ ಮೇಸ್ತ್ರಿಯೊಬ್ಬರನ್ನು ನಾವು ಜೊತೆಗೆ ಕರೆದೊಯ್ದಿದ್ದೆವು. ಅವರು ಅತ್ತರನ್ನು ಮೂಸಿ, ಏನೂ ಹೇಳದೆ ಜೇಬಿನಿಂದ ಒಂದು ಅಯಸ್ಕಾಂತವನ್ನು ತೆಗೆದರು. ಗಾಲಿಯ ಮೇಲಿನ ಕಮಾನಿಗೆ ಇಟ್ಟರೆ ಅದು ಹಿಡಿಯಲಿಲ್ಲ, ಕೆಳಗೆ ಬಿತ್ತು. ಬಾಗಿಲಿನ ಹೊಸ್ತಿಲಿಗೆ ಇಟ್ಟರು, ಅಲ್ಲಿಯೂ ಬಿತ್ತು. ಅಂದರೆ ಅಲ್ಲಿ ತಗಡೇ ಇರಲಿಲ್ಲ. ಇದ್ದದ್ದು ಪುಟ್ಟಿ, ಅದರ ಮೇಲೆ ಬಣ್ಣ. ನೆಲದ ಮ್ಯಾಟನ್ನು ಎತ್ತಿದಾಗ ಮೂರು ಕಡೆ ರಸ್ತೆಯೇ ಕಾಣಿಸಿತು. ಆ ಗಾಡಿ ಆರು ವರ್ಷ ಬಂದರಿನಿಂದ ಮೀನು ಹೊತ್ತಿತ್ತು. ಕರಗಿದ ಮಂಜಿನ ಉಪ್ಪುನೀರು ದಿನವೂ ನೆಲದ ಸಂದಿಗಳಿಗೆ ಇಳಿದು ತಗಡನ್ನು ತಿಂದುಹಾಕಿತ್ತು. ಮೇಸ್ತ್ರಿ ಹೇಳಿದ ಮಾತನ್ನು ಮೇಷ್ಟ್ರು ತಮ್ಮ ಟಿಪ್ಪಣಿಯ ಪುಸ್ತಕದಲ್ಲಿ ಬರೆದುಕೊಂಡರು: "ಇಂಜಿನ್‌ಗೆ ಡಾಕ್ಟ್ರಿದ್ದಾರೆ ಸಾರ್. ತುಕ್ಕಿಗೆ ಯಾರೂ ಇಲ್ಲ."

ಇದು ಬರಿಯ ನುಡಿಗಟ್ಟಲ್ಲ, ಲೆಕ್ಕದ ಮಾತು. ಹಳೆಯ ಡೀಸೆಲ್ ಎಂಜಿನ್ನನ್ನು ಬಿಚ್ಚಿ ಸರಿಪಡಿಸುವುದಕ್ಕೆ ಎಷ್ಟಾಗುತ್ತದೆಂದು ಮೇಸ್ತ್ರಿ ಮುಂಚಿತವಾಗಿ ಹೇಳಬಲ್ಲ. ತುಕ್ಕಿನ ಖರ್ಚನ್ನು ಯಾರೂ ಹೇಳಲಾರರು. ಕೆರೆದಷ್ಟೂ ಅದು ಒಳಗೆ ಹೋಗುತ್ತದೆ. ಇಂದಿನ ಸಣ್ಣ ವ್ಯಾನುಗಳಲ್ಲಿ ಚಾಸಿ ಬೇರೆ, ಮೈ ಬೇರೆ ಎಂಬುದಿಲ್ಲ. ತಗಡಿನ ಮೈಯೇ ಭಾರವನ್ನು ಹೊರುತ್ತದೆ. ಅಂಥ ಗಾಡಿಯ ಹೊಸ್ತಿಲು ಕೊಳೆತರೆ ಮನೆಯ ತೊಲೆಗೆ ಗೆದ್ದಲು ಹಿಡಿದಂತೆಯೇ. ಅದರ ಮೇಲೆ ಹಲಗೆ ಹೊಡೆದು, ಮಂಚ ಬೀರು ಕೂರಿಸಿದ ಮೇಲೆ ಕೊಳೆತದ್ದು ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ನೋಡುವುದಾದರೆ ಮೊದಲೇ ನೋಡಬೇಕು: ಮುಂದಿನ ಗಾಜಿನ ರಬ್ಬರಿನ ಕೆಳಗೆ, ಮೇಲ್ಛಾವಣಿಯ ನೀರುಗಾಲುವೆಯಲ್ಲಿ, ಬ್ಯಾಟರಿ ಕೂರುವ ತಟ್ಟೆಯಲ್ಲಿ, ಹಿಂದಿನ ಬಾಗಿಲಿನ ಕೆಳಗಿನ ಅಂಚಿನಲ್ಲಿ. ಮಳೆ ಬಿದ್ದ ಮರುದಿನ ಹೋಗುವುದು ಇನ್ನೂ ಉತ್ತಮ. ಸೋರುವ ಮಾಳಿಗೆ ಬೇಸಗೆಯಲ್ಲಿ ಗುಟ್ಟು ಬಿಟ್ಟುಕೊಡುವುದಿಲ್ಲ.

ನೀರಿನಲ್ಲಿ ಮುಳುಗಿದ ಗಾಡಿಗಳದು ಇನ್ನೊಂದು ಕಥೆ. 2015ರ ಡಿಸೆಂಬರಿನಲ್ಲಿ ಚೆನ್ನೈಗೆ, 2018ರ ಆಗಸ್ಟಿನಲ್ಲಿ ಕೇರಳಕ್ಕೆ ಬಂದ ನೆರೆಯಲ್ಲಿ ಸಾವಿರಾರು ವಾಹನಗಳು ಮುಳುಗಿದವು. ಅಂಥವುಗಳನ್ನು ತೊಳೆದು ಒಣಗಿಸಿ ದೂರದ ಊರುಗಳಲ್ಲಿ ಮಾರುವವರುಂಟು. ಸೀಟು ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಯಾವಾಗಲೂ ಒಳಗೇ ಸುತ್ತಿಕೊಂಡಿರುವ ಆ ಕೊನೆಯ ಗೇಣಿನಲ್ಲಿ ಕೆಸರಿನ ಗೆರೆಯೊಂದು ಉಳಿದಿರುತ್ತದೆ. ಎಲ್ಲವನ್ನೂ ತೊಳೆದವನು ಅದನ್ನು ಮರೆತಿರುತ್ತಾನೆ.

ಶಾಲಾ ಮಕ್ಕಳನ್ನು ಹೊತ್ತ ವ್ಯಾನಿನ ಮೈ ಸಾಮಾನ್ಯವಾಗಿ ಗಟ್ಟಿ. ಆದರೆ ಮನೆಮನೆಗೂ ನಿಂತು ಹೊರಟು ಕ್ಲಚ್ಚು ಸೋತಿರುತ್ತದೆ. ಕಾರ್ಖಾನೆ ಕಚೇರಿಗಳ ನೌಕರರನ್ನು ಹೊತ್ತ ಬೆಂಗಳೂರಿನ ಗಾಡಿ ಹಗಲಿರುಳೂ ಓಡಿರುತ್ತದೆ. ಹಾಲು ಹೊತ್ತದ್ದರ ನೆಲವನ್ನು ಚೆಲ್ಲಿದ ಹಾಲಿನ ಹುಳಿ ತಿಂದಿರುತ್ತದೆ. ಅಡುಗೆಯವರ ಗಾಡಿಯಿಂದ ಈರುಳ್ಳಿಯ ವಾಸನೆ ಹತ್ತು ತೊಳೆತಕ್ಕೂ ಹೋಗದು.

ಆಂಬುಲೆನ್ಸಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಖಾಸಗಿಯವರೊಬ್ಬರು ಮಾರಲಿಟ್ಟಿದ್ದ ಆಂಬುಲೆನ್ಸನ್ನು ನೋಡಲು ಹೋದಾಗ ಮೇಷ್ಟ್ರು ಗಾಡಿಯ ಒಳಗೆ ಹೋಗದೆ ಹಿಂಜರಿದರು. ಅದರೊಳಗೆ ಯಾರ್ಯಾರು ಕೊನೆಯುಸಿರು ಬಿಟ್ಟರೋ ಎಂಬ ಅಳುಕು. ಆಗ ಆ ತಾಯಿ, "ಬದುಕಿ ಮನೆಗೆ ಹೋದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನನ್ನ ತಮ್ಮನನ್ನು ಉಳಿಸಿದ್ದು ಇಂಥದ್ದೇ ಗಾಡಿ" ಎಂದು ಸರಳು ಹಿಡಿದು ತಾವೇ ಹತ್ತಿಬಿಟ್ಟರು. ಗಾಡಿ ನಿಜವಾಗಿಯೂ ಚೆನ್ನಾಗಿತ್ತು. ತೊಳೆಯಬಹುದಾದ ನೆಲ, ಗೋಡೆಗೆ ಪಟ್ಟಿ, ಒರಗಲು ಸರಳು, ಪಕ್ಕದಲ್ಲಿ ಉದ್ದನೆಯ ಆಸನ. ಮೇಸ್ತ್ರಿ ಛಾವಣಿಯ ಮೇಲೆ ಹತ್ತಿ, ಕೆಂಪು ದೀಪವನ್ನೂ ಸೈರನ್ನನ್ನೂ ಕೂರಿಸಲು ಕೊರೆದ ತೂತುಗಳ ಸುತ್ತ ತುಕ್ಕು ಆರಂಭವಾಗಿದೆ, ಆದರೆ ಅದನ್ನು ಮುಚ್ಚಬಹುದು ಎಂದರು. ಆ ಗಾಡಿ ತಪ್ಪಿದ್ದು ತುಕ್ಕಿನಿಂದಲ್ಲ, ಕಾಗದದಿಂದ.

ಕಾಗದದ ಮಾತಿಗೆ ಬಂದೆವು. ಗಾಡಿಯನ್ನು ಮನೆ ಮಾಡಿಕೊಳ್ಳಬೇಕೆನ್ನುವವರಲ್ಲಿ ಹೆಚ್ಚಿನವರು ಬಡಗಿಯನ್ನು ಮೊದಲು ಕರೆದು, ಆರ್.ಟಿ.ಓ. ಕಚೇರಿಗೆ ಕೊನೆಗೆ ಹೋಗುತ್ತಾರೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನು ಅವರು ಓದಿರುವುದಿಲ್ಲ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು ಎಂಬುದು ಅದರ ಸಾರ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಬಿಗಿಯಾಗಿಯೇ ಅರ್ಥೈಸಿತು. ಛಾವಣಿ ಕತ್ತರಿಸಿ ಎತ್ತರಿಸುವುದು, ಪಕ್ಕದ ತಗಡು ಕೊಯ್ದು ಕಿಟಕಿ ಇಡುವುದು, ಒಂಬತ್ತು ಸೀಟಿನ ಗಾಡಿಯನ್ನು ನಾಲ್ಕು ಸೀಟಿನದಾಗಿ ಮಾಡುವುದು ಎಲ್ಲವೂ ಕೇಳದೆ ಮಾಡುವ ಕೆಲಸಗಳಲ್ಲ. ದಾರಿಯಲ್ಲಿ ಪೋಲೀಸರು ತಡೆಯುವುದಂತೂ ಇರಲಿ; ನಾಳೆ ಅಪಘಾತವಾದರೆ ವಿಮಾ ಕಂಪನಿಯವರು ಮೊದಲು ಹುಡುಕುವುದು ಇದನ್ನೇ.

ಆಂಬುಲೆನ್ಸ್ ಎಂದು ನೋಂದಣಿಯಾದದ್ದನ್ನು ಸ್ವಂತ ವಾಹನವೆಂದು ಬದಲಾಯಿಸಿಕೊಡುವ ಭರವಸೆ ಮಾರುವವನದು. ಬರೆದುಕೊಡಿ ಎಂದಾಗ ಆತ ನಕ್ಕು ಚಹ ತರಿಸಿದ. ನಾವು ಚಹ ಕುಡಿದು ಎದ್ದೆವು. ಹಳದಿ ಫಲಕದ ಬಾಡಿಗೆ ಗಾಡಿಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಪರ್ಮಿಟ್ಟನ್ನು ಹಿಂತಿರುಗಿಸಿ, ತೆರಿಗೆ ಕಟ್ಟಿ, ಬಿಳಿ ಫಲಕ ಪಡೆದ ಮೇಲೆಯೇ ಪೂರ್ತಿ ಹಣ ಕೊಡುವುದಾಗಿ ಕರಾರು ಮಾಡಿಕೊಳ್ಳುವುದು ಲೇಸು.

ದೆಹಲಿಯ ಗಾಡಿ ಅಗ್ಗವೆಂದು ಹಲವರು ಹೇಳುತ್ತಾರೆ. ಅಗ್ಗವೇಕೆಂದು ಕೇಳಿ. ಹತ್ತು ವರ್ಷ ತುಂಬಿದ ಡೀಸೆಲ್ ಗಾಡಿಗಳು ಅಲ್ಲಿ ಓಡಕೂಡದೆಂದು ಹಸಿರು ನ್ಯಾಯಾಧಿಕರಣ 2015ರಲ್ಲಿ ಆಜ್ಞೆ ಮಾಡಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಂದಿನಿಂದ ಅಲ್ಲಿಯ ಗಾಡಿಗಳು ಇಳಿಬೆಲೆಗೆ ಹೊರಗೆ ಹರಿದವು. ಕೊಂಡವರು ನಿರಾಕ್ಷೇಪಣಾ ಪತ್ರ ತರಬೇಕು; ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಟ್ಟುಕೊಂಡರೆ ಇಲ್ಲಿಯ ಸಂಖ್ಯೆ ಪಡೆಯಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು. ಇದನ್ನೆಲ್ಲ ಕೂಡಿದರೆ ಅಗ್ಗ ಎಲ್ಲಿ ಹೋಯಿತೋ ತಿಳಿಯದು. ಸ್ವಂತ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ; ಆಮೇಲೆ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಐದೈದು ವರ್ಷ. ಆದ್ದರಿಂದ ಹದಿನಾಲ್ಕು ವರ್ಷದ ಗಾಡಿಗೂ ಹತ್ತು ವರ್ಷದ ಗಾಡಿಗೂ ಬೆಲೆಯಲ್ಲಿ ಇರಬೇಕಾದ ಅಂತರ ಬರಿಯ ನಾಲ್ಕು ವರ್ಷದ್ದಲ್ಲ. ಸಾಲ ತೀರಿದ್ದರೂ ಪತ್ರದಲ್ಲಿ ಬ್ಯಾಂಕಿನ ಹೆಸರು ಅಳಿಸಿರದಿದ್ದರೆ ಅಳಿಸಿದ ಮೇಲೆಯೇ ಕೊಳ್ಳಿ. ಚಾಸಿಯ ಸಂಖ್ಯೆಯ ಮೇಲೆ ಕಾಗದವಿಟ್ಟು ಸೀಸದ ಕಡ್ಡಿಯಿಂದ ಉಜ್ಜಿ, ಮೂಡಿದ ಅಕ್ಷರಗಳನ್ನು ಪತ್ರದೊಡನೆ ಹೋಲಿಸಿ. 29 ಮತ್ತು 30ನೆಯ ನಮೂನೆಗಳಿಗೆ ಸಹಿಯಾಗದೆ, ಹೆಸರು ಬದಲಾಗುವುದು ಆಮೇಲೆ ನೋಡೋಣವೆಂದು ಬಿಟ್ಟರೆ, ಗಾಡಿ ನಿಮ್ಮ ಅಂಗಳದಲ್ಲಿದ್ದರೂ ಕಾನೂನಿನ ಕಣ್ಣಿಗೆ ಅನ್ಯರದೇ.

ಕೊನೆಗೆ ನಾವು ಕಂಡದ್ದು ಟಾಟಾ ವಿಂಗರ್. 2007ರಲ್ಲಿ ಮಾರುಕಟ್ಟೆಗೆ ಬಂದ ಈ ವ್ಯಾನಿನಲ್ಲಿ ಎಂಜಿನ್ನು ಮುಂದಿನ ಗಾಲಿಗಳನ್ನೇ ತಿರುಗಿಸುತ್ತದೆ. ಹಿಂದಿನ ಗಾಲಿಗೆ ಶಕ್ತಿಯನ್ನು ಒಯ್ಯುವ ಉದ್ದನೆಯ ದಂಡ ಕೆಳಗೆ ಇಲ್ಲದ್ದರಿಂದ ನೆಲವನ್ನು ತಗ್ಗಿಸಿ ಇಡುವುದು ಸಾಧ್ಯವಾಗಿದೆ. ಈ ಯಂತ್ರಶಾಸ್ತ್ರದ ಸಂಗತಿ ಮಂಡಿನೋವಿನವರಿಗೆ ಎಷ್ಟು ದೊಡ್ಡ ಉಪಕಾರವೆಂಬುದನ್ನು ಅಂದು ಕಣ್ಣಾರೆ ಕಂಡೆ. ಆ ತಾಯಿ ಬಾಗಿಲಿನ ಸರಳು ಹಿಡಿದು, ಯಾರ ಕೈಯನ್ನೂ ಬೇಡದೆ, ಒಂದೇ ಸಲಕ್ಕೆ ಹತ್ತಿ ನೆಟ್ಟಗೆ ನಿಂತರು. ಮೇಷ್ಟ್ರು ಎತ್ತರದ ಆಳು. ಅವರು ತಲೆ ತಗ್ಗಿಸಿಯೇ ಇರಬೇಕಾಯಿತು. ಅದನ್ನು ನೋಡಿ ಆಕೆ ನಕ್ಕ ನಗೆಯಲ್ಲಿ ಸ್ವಲ್ಪ ಸಂತೋಷವೂ ಇದ್ದಂತೆ ಕಂಡಿತು.

ಜವಳಿ ವ್ಯಾಪಾರದ ಅವಿಭಕ್ತ ಕುಟುಂಬವೊಂದು ತಮ್ಮ ಮನೆಯವರ ಓಡಾಟಕ್ಕೆಂದೇ ಇಟ್ಟುಕೊಂಡಿದ್ದ 2014ರ ಗಾಡಿ ಅದು. ಬಿಳಿ ಫಲಕ, ಒಂಬತ್ತು ಸೀಟು, 2029ರವರೆಗೆ ನೋಂದಣಿ. ಅಣ್ಣತಮ್ಮಂದಿರು ಬೇರೆಯಾದ್ದರಿಂದ ಗಾಡಿ ಮಾರಾಟಕ್ಕೆ ಬಂದಿತ್ತು. ಪೂರ್ವಾಶ್ರಮದಲ್ಲಿ ಮದುವೆ, ತಿರುಪತಿ, ಧರ್ಮಸ್ಥಳ. ಹಿಂದಿನ ಸೀಟಿನ ಸಂದಿಯಲ್ಲಿ ಮಕ್ಕಳ ಒಂದು ಗಾಜಿನ ಗೋಲಿ ಸಿಕ್ಕಿತು.

ಬೆಳಗ್ಗೆ ಏಳಕ್ಕೆ ಹೋಗಿದ್ದೆವು. ಗಾಡಿಯನ್ನು ಮುಂಚಿತವಾಗಿ ಚಾಲೂ ಮಾಡಿಡಬಾರದೆಂದು ಹೇಳಿಕಳುಹಿಸಿದ್ದರೂ, ಮೇಸ್ತ್ರಿ ಬಂದೊಡನೆ ಎಂಜಿನ್ನಿನ ಮೇಲೆ ಅಂಗೈ ಇಟ್ಟು ತಣ್ಣಗಿದೆಯೆ ಎಂದು ನೋಡಿದರು. ಬಿಸಿಯಾದ ಎಂಜಿನ್ನು ಯಾರ ಮಾತನ್ನಾದರೂ ಕೇಳಿ ಹೊರಡುತ್ತದೆ. ಅದರ ರೋಗ ತಿಳಿಯುವುದು ತಣ್ಣಗಿರುವಾಗ. ಹೊಗೆ ನೀಲಿಯಾದರೆ ಎಣ್ಣೆ ಉರಿಯುತ್ತಿದೆ, ಕಪ್ಪಾದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಬಿಸಿಯಾದ ಮೇಲೂ ದಟ್ಟವಾದ ಬಿಳಿಯ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿರಬಹುದು. ಈ ಗಾಡಿ ಮೊದಲ ಎರಡು ನಿಮಿಷ ಸ್ವಲ್ಪ ಕಪ್ಪು ಕಾರಿ ಸುಮ್ಮನಾಯಿತು. ಟೈರುಗಳ ಪಕ್ಕದಲ್ಲಿ ನಾಲ್ಕು ಅಂಕಿಗಳ ಜಾತಕವಿರುತ್ತದೆ. 2319 ಎಂದರೆ 2019ನೆಯ ವರ್ಷದ 23ನೆಯ ವಾರದಲ್ಲಿ ಹುಟ್ಟಿದ್ದೆಂದು ಅರ್ಥ. ಗೀರು ಎಷ್ಟೇ ಆಳವಾಗಿದ್ದರೂ ಮುದಿ ರಬ್ಬರಿನ ಮೇಲೆ ಮಲೆನಾಡಿನ ಘಾಟಿ ಇಳಿಯುವುದು ಬೇಡ. ನಾಲ್ಕು ಟೈರುಗಳನ್ನೂ ಬದಲಿಸಬೇಕಾಗಿತ್ತು; ಆ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಂಡೆವು. ಅಯಸ್ಕಾಂತ ಎಡಗಡೆಯ ಹಿಂದಿನ ಮೂಲೆಯಲ್ಲಿ ಒಂದೇ ಕಡೆ ಬಿದ್ದಿತು. ಗೋಡೆಗೆ ತಾಗಿದ್ದೆಂದು ಮನೆಯವರೇ ಒಪ್ಪಿಕೊಂಡರು. ಎರಡು ಲಕ್ಷದ ಎಂಬತ್ತು ಸಾವಿರಕ್ಕೆ ಮಾತು ಮುಗಿಯಿತು. ಮೇಸ್ತ್ರಿ ತಮ್ಮ ಮೂರು ತಿಂಗಳ ಅಲೆದಾಟಕ್ಕೆ ತೆಗೆದುಕೊಂಡದ್ದು ಆರು ಸಾವಿರ. ಆ ನಾಲ್ಕೂವರೆ ಲಕ್ಷದಲ್ಲಿ ಇಷ್ಟು ಸಾರ್ಥಕವಾಗಿ ಖರ್ಚಾದ ಹಣ ಬೇರೊಂದಿಲ್ಲವೆಂದು ನನ್ನ ಎಣಿಕೆ.

ಮೇಷ್ಟ್ರು ಸರ್ಕಾರಿ ನೌಕರಿಯ ಅಭ್ಯಾಸದಂತೆ, ಒಳಗೆ ತಾವು ಮಾಡಬೇಕೆಂದಿರುವುದನ್ನೆಲ್ಲ ನಕ್ಷೆಸಹಿತ ಬರೆದು ಆರ್.ಟಿ.ಓ. ಕಚೇರಿಗೆ ಅರ್ಜಿ ಕೊಟ್ಟರು. ತಗಡನ್ನು ಕೊಯ್ಯುವುದಿಲ್ಲ, ಮುಂದಿನ ಸೀಟುಗಳನ್ನೂ ನಡುವಿನ ಸಾಲನ್ನೂ ಬೆಲ್ಟುಸಹಿತ ಉಳಿಸಿಕೊಳ್ಳುತ್ತೇವೆ, ಮಂಚ ಬೀರುಗಳು ಬೋಲ್ಟು ಬಿಚ್ಚಿದರೆ ಹೊರಗೆ ಬರುವಂಥವು. ಜರ್ಮನರ ಪೆಟ್ಟಿಗೆಯ ಯುಕ್ತಿ ಇಲ್ಲಿ ಒದಗಿತು. ಲಿಖಿತವಾದ ಉತ್ತರ ಕೈಗೆ ಬರಲು ಐದು ವಾರ ಹಿಡಿಯಿತು. ಅಲ್ಲಿಯವರೆಗೆ ಒಂದು ಸ್ಕ್ರೂವನ್ನೂ ತಿರುಗಿಸಗೊಡಲಿಲ್ಲ.

ಒಳಗಿನ ಕೆಲಸದಲ್ಲಿ ಜನರು ಮರೆಯುವುದು ತೂಕವನ್ನು. ಒಂದು ಲೀಟರು ನೀರು ಒಂದು ಕಿಲೋ. 60 ಲೀಟರಿನ ತೊಟ್ಟಿಯೆಂದರೆ ಒಬ್ಬ ಮನುಷ್ಯ ಸದಾ ಹಿಂದೆ ಕುಳಿತಂತೆ. ಅದನ್ನು ಹಿಂದಿನ ಬಾಗಿಲ ಬಳಿ ಇಟ್ಟರೆ ಗಾಡಿಯ ಮೂತಿ ಹಗುರವಾಗುತ್ತದೆ. ಮುಂಗಾಲಿ ಎಳೆಯುವ ಗಾಡಿಗೆ ಅದು ಒಳ್ಳೆಯದಲ್ಲ. ನಡುವೆ, ತಗ್ಗಿನಲ್ಲಿ, ಎರಡು ಕಡೆಗೆ ಹಂಚಿ ಇಡಬೇಕು. ಬಡಗಿ ತೇಗದ ದಪ್ಪ ಹಲಗೆಯ ಬೀರುವಿನ ಕನಸು ಕಾಣುತ್ತಿದ್ದ. ತೆಳುವಾದ ಪ್ಲೈವುಡ್ಡಿಗೆ ಇಳಿಸಬೇಕಾಯಿತು.

ಅಡುಗೆಯ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲಕ್ಕೆ ಇಳಿದು ಮಂಚದ ಕೆಳಗೆ ಮಡುಗಟ್ಟುತ್ತದೆ. ಕಿಟಕಿ ತೆರೆದಿದ್ದರೂ ಪ್ರಯೋಜನವಿಲ್ಲ. ಮಲಗುವ ಜಾಗದಲ್ಲಿಯೇ ಅಂಥ ಗಂಡಾಂತರ ಬೇಡವೆಂದು ಮೇಷ್ಟ್ರು ನಿಶ್ಚಯಿಸಿದರು. ಅಡುಗೆ ಹೊರಗೆ, ಮರದ ನೆರಳಿನಲ್ಲಿ, ಪುಟ್ಟ ಸೀಮೆಎಣ್ಣೆ ಒಲೆಯ ಮೇಲೆ. ಮಳೆಯಾದರೆ ಅವಲಕ್ಕಿ ಮೊಸರು. ನನಗಂತೂ ಇದು ಬಹಳ ವಿವೇಕವೆನಿಸಿತು. ಗಾಡಿಯೊಳಗೆ ಒಲೆ ಕೂರಿಸಿ ಚಿತ್ರ ತೆಗೆಸಿಕೊಳ್ಳುವವರನ್ನು ಕಂಡಾಗಲೆಲ್ಲ ನನಗೆ ಅವರ ಧೈರ್ಯಕ್ಕಿಂತ ಅವರ ಮಕ್ಕಳ ನೆನಪಾಗುತ್ತದೆ.

ಇಷ್ಟೆಲ್ಲಕ್ಕೂ ಮೂಲವಾದ ಆ ಒಂದು ಅನುಕೂಲಕ್ಕೆ ಆದ ಖರ್ಚು ಎಲ್ಲಕ್ಕಿಂತ ಕಡಿಮೆ. ಆಸ್ಪತ್ರೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕುವ ಕಮೋಡಿನ ಕುರ್ಚಿ, ಅದರ ಕೆಳಗೆ ಬಿಗಿಯಾದ ಮುಚ್ಚಳದ ಬಕೆಟ್ಟು, ಒಂದು ಚೀಲ ಮರದ ಹೊಟ್ಟು. ಮೂರು ಕಡೆಗೂ ದಪ್ಪ ಬಟ್ಟೆಯ ಪರದೆ. ಪ್ರತಿ ಸಲವೂ ಎರಡು ಹಿಡಿ ಹೊಟ್ಟು ಹಾಕಿದರೆ ವಾಸನೆ ನಿಲ್ಲುತ್ತದೆ. ಊರು ಸಿಕ್ಕಿದಾಗ ಶೌಚಾಲಯದಲ್ಲಿ ಖಾಲಿ ಮಾಡಿ ತೊಳೆಯುವ ಹೊಣೆಯನ್ನು ಮೇಷ್ಟ್ರು ತಾವೇ ವಹಿಸಿಕೊಂಡಿದ್ದಾರೆ. ಗಾಡಿ ಓಡುವಾಗ ಮಾತ್ರ ಯಾರೂ ಸೀಟು ಬಿಟ್ಟು ಏಳುವಂತಿಲ್ಲ, ಬೇಕೆಂದಾಗ ನಿಲ್ಲಿಸುವುದು.

ಹಿಂದಿನ ಸಾಲು ಬಿಚ್ಚಿದ ದಿನ, ಬಡಗಿಯ ಉಳಿ ತಾಗುವುದಕ್ಕೆ ಮುಂಚೆ, ಇಬ್ಬರೂ ತಮ್ಮ ಮನೆಯ ಮುಂದೆಯೇ ಬರಿಯ ಹಾಸಿಗೆ ಹಾಸಿಕೊಂಡು ಒಂದು ರಾತ್ರಿ ಆ ಗಾಡಿಯಲ್ಲಿ ಮಲಗಿದರು. ಈ ಒಂದು ರಾತ್ರಿಯ ಪರೀಕ್ಷೆಯನ್ನು ಯಾರೂ ಬಿಡಬಾರದು. ಹಗಲಿನ ಬಿಸಿಲನ್ನು ತಗಡು ಹನ್ನೊಂದು ಗಂಟೆಯವರೆಗೆ ಒಳಗೆ ಬಿಡುತ್ತಿರುತ್ತದೆ. ಛಾವಣಿಯ ಒಳಗೆ ಶಾಖ ತಡೆಯುವ ಹಾಳೆ ಬೇಕೆಂದು ಗೊತ್ತಾಯಿತು. ಕಿಟಕಿ ತೆರೆದರೆ ಸೊಳ್ಳೆ. ಜಾಲರಿ ಬೇಕೆಂದು ಗೊತ್ತಾಯಿತು. ಮಂಚ ಮೇಷ್ಟ್ರ ನಕ್ಷೆಯಲ್ಲಿದ್ದಷ್ಟು ಎತ್ತರವಾದರೆ ಆಕೆಯ ಪಾದ ನೆಲಕ್ಕೆ ಮುಟ್ಟುವುದಿಲ್ಲವೆಂದೂ ತಿಳಿದು, ನಾಲ್ಕು ಅಂಗುಲ ಇಳಿಸಿದರು.

ಸೊಳ್ಳೆಯ ಜಾಲರಿಗೆಂದು ಪುಣೆಯ ಮಗ ಹಣ ಕಳುಹಿಸಿದ್ದಾನೆ. ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ತಲಕಾವೇರಿಯಲ್ಲಿ ಜನಸಂದಣಿ ವಿಪರೀತವಾದ್ದರಿಂದ, ಅದು ಕಳೆದ ಮೇಲೆ ಮೂರನೆಯ ವಾರದಲ್ಲಿ ಹೊರಡುವುದೆಂದು ಗೊತ್ತಾಗಿದೆ. ಮೊದಲ ರಾತ್ರಿ ಭಾಗಮಂಡಲದಲ್ಲಿ. ಮೊನ್ನೆ ಸಂಜೆ ಹೋದಾಗ ಆ ತಾಯಿ ಗಾಡಿಯೊಳಗೆ ಕುಳಿತು, ಒಗ್ಗರಣೆಯ ಡಬ್ಬಿ ಯಾವ ಖಾನೆಯಲ್ಲಿದ್ದರೆ ತಿರುವಿನಲ್ಲಿ ಉರುಳುವುದಿಲ್ಲವೆಂದು ಒಂದೊಂದರಲ್ಲಿಯೂ ಇಟ್ಟು ಕೈಯಿಂದ ಅಲುಗಿಸಿ ನೋಡುತ್ತಿದ್ದರು.